ಉತ್ತರದ ಗೋಡೆಯನ್ನು ಬಸ್ಸಿನಲ್ಲಿ ದಾಟಿದ್ದು



ಸಮಾಜ ವಿಜ್ಞಾನದ ತರಗತಿಯಲ್ಲಿ ನಾನು ವರ್ಷ ವರ್ಷವೂ ಒಂದು ವಾಕ್ಯವನ್ನು ಬರೆಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು: “ಹಿಮಾಲಯವು ಭಾರತಕ್ಕೆ ಉತ್ತರದ ಗೋಡೆಯಂತಿದೆ.” ಒಮ್ಮೆ ಪಿರಿಯಾಪಟ್ಟಣದ ಕಡೆಯ ಹುಡುಗನೊಬ್ಬ ಎದ್ದು ನಿಂತು, “ಹಾಗಾದರೆ ಬೈಲುಕುಪ್ಪೆಯ ಟಿಬೆಟಿನವರು ಹೇಗೆ ದಾಟಿ ಬಂದರು ಸಾರ್?” ಎಂದು ಕೇಳಿದ. ತರಗತಿ ನಕ್ಕಿತು. ನನ್ನ ಬಳಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಮೇಷ್ಟರು ಮಾಡುವುದನ್ನೇ ನಾನೂ ಮಾಡಿದೆ. “ಪುಸ್ತಕದಲ್ಲಿರುವುದನ್ನು ಬರೆ, ಕೂತುಕೋ” ಎಂದು ಗದರಿಸಿದೆ. ಆ ಪ್ರಶ್ನೆಗೆ ಉತ್ತರ ದೊರೆತದ್ದು ನಿವೃತ್ತಿಯ ನಂತರ, 2007ರ ಜುಲೈ ತಿಂಗಳಿನಲ್ಲಿ, ಮನಾಲಿಯಿಂದ ಲೇಹ್‌ಗೆ ಹೋಗುವ ಪ್ರವಾಸಿ ಬಸ್ಸಿನಲ್ಲಿ.

ಆಗ ಅದು ಸುಮಾರು 475 ಕಿಲೋಮೀಟರುಗಳ ದಾರಿ. ಎರಡು ಹಗಲಿನ ಪ್ರಯಾಣ, ನಡುವೆ ಕೇಲಾಂಗ್ ಎಂಬ ಊರಿನಲ್ಲಿ ಒಂದು ರಾತ್ರಿ. ನನ್ನಾಕೆ ಒಗ್ಗರಣೆ ಅವಲಕ್ಕಿಯ ಡಬ್ಬಿಯನ್ನೂ ವಾಂತಿಗೆಂದು ನಿಂಬೆಹಣ್ಣುಗಳನ್ನೂ ಚೀಲಕ್ಕೆ ಸೇರಿಸಿಕೊಂಡಿದ್ದಳು. ಎರಡೂ ಉಪಯೋಗಕ್ಕೆ ಬಂದವು.

ಮೊದಲು ಎದುರಾದದ್ದು ರೋಹ್ತಾಂಗ್ ಕಣಿವೆದಾರಿ. ಎತ್ತರ 3,978 ಮೀಟರ್. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ 1,930 ಮೀಟರ್. ಅದರ ಎರಡರಷ್ಟು ಎತ್ತರದಲ್ಲಿ ನಮ್ಮ ಬಸ್ಸು ಕೆಸರಿನಲ್ಲಿ ಹೂತು ಮೂರು ಗಂಟೆ ನಿಂತಿತು. ಮುಖಕ್ಕೆ ಬಟ್ಟೆ ಸುತ್ತಿಕೊಂಡ ಕೂಲಿಗಳು ಕಲ್ಲು ಹೊತ್ತು ತಂದು ಚಕ್ರದಡಿಗೆ ಹಾಕುತ್ತಿದ್ದರು. ನನ್ನ ಹರಕು ಹಿಂದಿಯಲ್ಲಿ ಒಬ್ಬನನ್ನು ಯಾವ ಊರೆಂದು ಕೇಳಿದೆ. “ದುಮ್ಕಾ” ಎಂದ. ದುಮ್ಕಾ ಇರುವುದು ಝಾರ್ಖಂಡಿನಲ್ಲಿ. ಹಿಮವನ್ನೇ ಕಾಣದ ನಾಡು.

ರೋಹ್ತಾಂಗ್ ದಾಟುತ್ತಿದ್ದಂತೆ ಮಳೆ ನಿಂತಿತು. ಹಿಂದೆ ಹಸಿರು, ಮುಂದೆ ಒಣಬೆಟ್ಟಗಳ ಲಾಹೌಲ್. ಮುಂಗಾರಿನ ಮೋಡಗಳ ಮಟ್ಟಿಗೆ ಪುಸ್ತಕದ ಮಾತು ನಿಜವೆಂದುಕೊಂಡೆ. ಅವಕ್ಕೆ ಹಿಮಾಲಯ ಗೋಡೆಯೇ. ಚಂದ್ರಾ ಮತ್ತು ಭಾಗಾ ನದಿಗಳು ಕೂಡಿ ಚಂದ್ರಭಾಗಾ, ಅಂದರೆ ಚಿನಾಬ್ ಆಗುವ ತಾಂಡಿಯಲ್ಲಿ ಒಂದು ಪೆಟ್ರೋಲ್ ಬಂಕ್. ಮುಂದಿನ ಬಂಕ್ 365 ಕಿಲೋಮೀಟರ್ ದೂರದಲ್ಲಿ ಎಂದು ಅಲ್ಲಿ ಫಲಕ ಹಾಕಿದ್ದರು. ಬಸ್ಸಿನಲ್ಲಿ ಮಾತು ನಿಂತುಹೋಯಿತು.

ಆದರೆ ಆ ರಾತ್ರಿ ತಂಗಿದ ಕೇಲಾಂಗ್ ಜಗತ್ತಿನ ಕೊನೆಯಾಗಿರಲಿಲ್ಲ. 1850ರ ದಶಕದಲ್ಲಿಯೇ ಮೊರೇವಿಯನ್ ಮಿಷನ್ನಿನ ಜರ್ಮನ್ ಪಾದ್ರಿಗಳು ಅಲ್ಲಿ ನೆಲೆಸಿ, ಕಲ್ಲಚ್ಚಿನಲ್ಲಿ ಟಿಬೆಟನ್ ಪುಸ್ತಕಗಳನ್ನು ಮುದ್ರಿಸುತ್ತಿದ್ದರು. ಅವರಲ್ಲೊಬ್ಬರಾದ ಯೇಶ್ಕೆ ಅವರ ಟಿಬೆಟನ್–ಇಂಗ್ಲಿಷ್ ನಿಘಂಟು 1881ರಲ್ಲಿ ಪ್ರಕಟವಾಯಿತು. ನಮ್ಮ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಬಂದದ್ದು 1894ರಲ್ಲಿ. ಬಾಸೆಲ್ ಮಿಷನ್ನಿನ ಕಿಟೆಲ್ ಕನ್ನಡದ ಪದಗಳನ್ನು ಆಯುತ್ತಿದ್ದ ಕಾಲದಲ್ಲಿಯೇ ಅವರ ದೇಶದವರೊಬ್ಬರು ಈ ಹಿಮದೂರಿನಲ್ಲಿ ಅದೇ ಕೆಲಸದಲ್ಲಿ ತೊಡಗಿದ್ದರು. ಗೋಡೆಯ ಬುಡದಲ್ಲಿ ಕುಳಿತು ಗೋಡೆಯಾಚೆಯ ಭಾಷೆಗೆ ನಿಘಂಟು ಬರೆಯುವವರು ಉಂಟೇ?

ಮರುದಿನ ಬೆಳಕು ಹರಿಯುವ ಮೊದಲೇ ಹೊರಟೆವು. ಸುಮಾರು 4,890 ಮೀಟರ್ ಎತ್ತರದ ಬಾರಲಾಚಾ ಲಾ, ಸರ್ಚುವಿನ ಬಯಲು, ಇಪ್ಪತ್ತೊಂದು ತಿರುವುಗಳ ಗಾಟಾ ಲೂಪ್ಸ್. ‘ಲಾ’ ಎಂದರೆ ಟಿಬೆಟನ್ನಿನಲ್ಲಿ ಕಣಿವೆದಾರಿ. ಒಂದೊಂದು ದಾಟುದಾರಿಗೂ ಹೆಸರಿಟ್ಟ ಜನ ಅವುಗಳನ್ನು ಎಷ್ಟು ತಲೆಮಾರು ದಾಟಿರಬೇಕು! ಚಾಂಗ್‌ತಾಂಗ್ ಪ್ರಸ್ಥಭೂಮಿಯ ಆಡಿನ ನವುರಾದ ಉಣ್ಣೆ, ಉಪ್ಪು ಮೊದಲಾದುವು ಕುರಿ ಆಡುಗಳ ಬೆನ್ನೇರಿ ಇಂತಹ ದಾರಿಗಳಲ್ಲಿಯೇ ಇಳಿದು ಬರುತ್ತಿದ್ದವು. ಪಂಜಾಬಿನ ಹೋಶಿಯಾರ್‌ಪುರದ ವರ್ತಕರು ಬಟ್ಟೆಯನ್ನೂ ನೀಲಿಯನ್ನೂ ಹೇರಿಕೊಂಡು ಕುಲ್ಲೂ, ಲಾಹೌಲ್, ಲೇಹ್ ದಾಟಿ ಮಧ್ಯ ಏಷ್ಯಾದ ಯಾರ್ಕಂದ್‌ವರೆಗೂ ವ್ಯಾಪಾರ ನಡೆಸುತ್ತಿದ್ದರು. 1820ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಶುವೈದ್ಯ ವಿಲಿಯಂ ಮೂರ್‌ಕ್ರಾಫ್ಟ್ ಒಳ್ಳೆಯ ಕುದುರೆಗಳನ್ನು ಹುಡುಕುತ್ತ ಲೇಹ್ ತಲುಪಿದ್ದೂ ರೋಹ್ತಾಂಗ್ ಮಾರ್ಗವಾಗಿಯೇ.

1948ರಲ್ಲಿ ಲೇಹ್ ಅಪಾಯಕ್ಕೆ ಸಿಲುಕಿದಾಗ ಇದೇ ಕಾಲುದಾರಿಯಲ್ಲಿ ಮನಾಲಿಯಿಂದ ಸೈನಿಕರು ನಡೆದು ಹೋದರು. ಅದೇ ವರ್ಷ ಮೇ 24ರಂದು, ಸ್ಥಳೀಯರು ಕೈಯಾರೆ ಸಜ್ಜುಗೊಳಿಸಿದ್ದ ಲೇಹ್‌ನ ನೆಲದ ಮೇಲೆ ಮೊದಲ ಡಕೋಟಾ ವಿಮಾನ ಇಳಿಯಿತು. ಅದನ್ನು ನಡೆಸಿದವರು ಮೆಹರ್ ಸಿಂಗ್; ಜೊತೆಯಲ್ಲಿದ್ದವರು ನಮ್ಮ ಕೊಡಗಿನ ತಿಮ್ಮಯ್ಯನವರು. ತಿಮ್ಮಯ್ಯನವರ ಪಾಠವನ್ನು ಅಭಿಮಾನದಿಂದ ಮಾಡುತ್ತಿದ್ದ ನಾನು ಈ ಸಂಗತಿಯನ್ನು ಎಂದೂ ಗೋಡೆಯ ಪಾಠದೊಡನೆ ಇಟ್ಟು ನೋಡಿರಲಿಲ್ಲ.

ದಾರಿಗಳು ಮುಚ್ಚಿದ್ದೂ ಉಂಟು. 1949ರ ನಂತರ ಯಾರ್ಕಂದ್‌ನ ವ್ಯಾಪಾರ ನಿಂತಿತು. 1962ರ ಯುದ್ಧದೊಡನೆ ಟಿಬೆಟಿನ ಬಾಗಿಲೂ ಮುಚ್ಚಿತು. ಮುಚ್ಚಿದವು ರಾಜ್ಯಗಳೇ ಹೊರತು ಬೆಟ್ಟಗಳಲ್ಲ. 1960ರಲ್ಲಿ ಸ್ಥಾಪನೆಯಾದ ಗಡಿ ರಸ್ತೆ ಸಂಸ್ಥೆ ಹಿಮಾಲಯದ ಗಡಿಯುದ್ದಕ್ಕೂ ಮೋಟಾರು ರಸ್ತೆಗಳನ್ನು ಕಡಿಯಿತು. 1974ರಲ್ಲಿ ಲಡಾಖ್ ಪ್ರವಾಸಿಗರಿಗೆ ತೆರೆಯಿತು; 1989ರಲ್ಲಿ ಮನಾಲಿಯ ರಸ್ತೆಯೂ ತೆರೆಯಿತು. ಹಾಗಾಗಿ ನಮ್ಮಂಥವರೂ ಅಲ್ಲಿ ಕುಳಿತು ಅವಲಕ್ಕಿ ತಿನ್ನುವಂತಾಯಿತು.

5,300 ಮೀಟರಿಗೂ ಮಿಗಿಲಾದ ತಾಂಗ್ಲಾಂಗ್ ಲಾದಲ್ಲಿ ತಲೆ ಸಿಡಿಯುತ್ತಿತ್ತು. ಹತ್ತು ಹೆಜ್ಜೆ ನಡೆದರೆ ಏದುಸಿರು. ಅಲ್ಲಿಯೂ ಡಾಂಬರಿನ ಡ್ರಮ್ಮಿನ ಹೊಗೆಯ ನಡುವೆ ಕೂಲಿಗಳು ಕೆಲಸದಲ್ಲಿದ್ದರು. ಆಗ ಆ ಹುಡುಗನ ಪ್ರಶ್ನೆ ನೆನಪಾಯಿತು. 1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದ ಮೇಲೆ, ಸಾವಿರಾರು ಟಿಬೆಟನ್ ನಿರಾಶ್ರಿತರು ಕಣಿವೆದಾರಿಗಳನ್ನು ಕಾಲ್ನಡಿಗೆಯಲ್ಲಿಯೇ ದಾಟಿದರು. ಅವರಲ್ಲಿ ಬಹುಮಂದಿಗೆ ಮೊದಲು ದೊರೆತ ಕೂಲಿ ಇಂತಹ ಹಿಮಾಲಯದ ರಸ್ತೆಗಳಲ್ಲಿ ಕಲ್ಲೊಡೆಯುವ ಕೆಲಸ. ಅಲ್ಲಿಂದ ಅನೇಕರು ಅಂದಿನ ಮೈಸೂರು ರಾಜ್ಯದ ಬೈಲುಕುಪ್ಪೆಗೆ ಬಂದು ಕಾಡು ಕಡಿದು ಜೋಳ ಬೆಳೆದರು. ನಮ್ಮ ಶಾಲೆಯಿಂದ ಸ್ವಲ್ಪವೇ ದೂರದಲ್ಲಿ ಗೋಡೆಯನ್ನು ದಾಟಿದವರು, ದಾರಿಯನ್ನು ಮಾಡಿದವರು ಬದುಕುತ್ತಿದ್ದರು. ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೋಗಿ ಕೇಳಿಸಿದ್ದರೆ ಸಾಕಿತ್ತು.

2020ರ ಅಕ್ಟೋಬರಿನಲ್ಲಿ ರೋಹ್ತಾಂಗ್ ಕೆಳಗೆ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಉದ್ಘಾಟನೆಯಾಗಿ ದಾರಿ 46 ಕಿಲೋಮೀಟರ್ ಕಡಿಮೆಯಾಯಿತು. ಅದೇ ವರ್ಷದ ಜೂನ್‌ನಲ್ಲಿ, ಸಾಂಕ್ರಾಮಿಕದ ನಡುವೆಯೇ, ಲಡಾಖಿನ ರಸ್ತೆ ಕೆಲಸಕ್ಕೆಂದು ಕೂಲಿಗಳನ್ನು ಹೊತ್ತ ವಿಶೇಷ ರೈಲು ದುಮ್ಕಾದಿಂದ ಹೊರಟಿತೆಂಬ ಸುದ್ದಿಯನ್ನು ಓದಿದಾಗ, ನಮ್ಮ ಬಸ್ಸಿನ ಚಕ್ರಕ್ಕೆ ಕಲ್ಲು ಕೊಟ್ಟವನ ಮುಖ ಕಣ್ಣಿಗೆ ಬಂತು. ನಾನು ಕಂಡಿದ್ದುದು ಅವನ ಕಣ್ಣುಗಳನ್ನು ಮಾತ್ರ.

ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ. ಹಿಮಾಲಯದ ಪಾಠ ಬಂದಾಗ ಗೋಡೆಯ ಜೊತೆಗೆ ಅದರ ಬಾಗಿಲುಗಳ ಹೆಸರನ್ನೂ ಬರೆಸಿರಿ. ಯಾವುದಾದರೂ ಮಗು ಎದ್ದು ನಿಂತು ಪ್ರಶ್ನೆ ಕೇಳಿದರೆ ಕೂರಿಸಬೇಡಿ. ಪಿರಿಯಾಪಟ್ಟಣದ ಕಡೆಯ ಆ ಹುಡುಗ ಇದನ್ನು ಓದುತ್ತಿದ್ದರೆ, ನಿನ್ನ ಪ್ರಶ್ನೆಯೇ ಸರಿಯಾಗಿತ್ತಪ್ಪ. ಉತ್ತರ ತಡವಾಯಿತು, ಕ್ಷಮಿಸು.