ಇಂಡೆಂಟ್ ಪುಸ್ತಕದ ಖಾನೆಗಳು

1981ರಲ್ಲಿ ನಾನು ತಾಲ್ಲೂಕು ಆಸ್ಪತ್ರೆಯೊಂದರ ಔಷಧಾಲಯಕ್ಕೆ ಸೇರಿದಾಗ ಹಿಂದಿನ ಕೋಣೆಯ ಅಟ್ಟದಲ್ಲಿ ಆರು ಮೂಲೆಯ ಹಸಿರು ಸೀಸೆಗಳು ನಾಲ್ಕೈದು ಧೂಳು ತಿನ್ನುತ್ತಿದ್ದವು. ಮೈಮೇಲೆಲ್ಲ ಉದ್ದುದ್ದ ಏಣುಗಳು. ತೊಳೆದು ಹೂವಿಡಲು ಮನೆಗೊಯ್ಯೋಣ ಅಂದುಕೊಂಡಿದ್ದೆ. ನಿವೃತ್ತರಾಗಿದ್ದರೂ ದಿನಾ ಬೆಳಗ್ಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ ಹಳೆಯ ಕಾಂಪೌಂಡರು ಗದರಿದರು: "ಅದು ವಿಷದ ಸೀಸೆ ಕಣಯ್ಯಾ! ದೀಪ ಆರಿದರೂ ಬೆರಳಿಗೆ ಗೊತ್ತಾಗಲಿ ಅಂತ ಆ ಏಣು."

ಲಾಟೀನಿನ ಕಾಲದಲ್ಲಿ ದೀಪ ಆರುವುದೇ ಇವತ್ತಿನ 'ಸರ್ವರ್ ಡೌನ್'. ಅದಕ್ಕೆ ಉತ್ತರವನ್ನು ಆ ಕಾಲದವರು ಗಾಜಿನಲ್ಲೇ ಎರಕ ಹೊಯ್ದಿಟ್ಟಿದ್ದರು.

ಆ ಹಿರಿಯರು ಕಾಲೇಜಿನಲ್ಲಿ ಓದಿದವರಲ್ಲ. 1948ರ ಫಾರ್ಮಸಿ ಕಾಯ್ದೆ ಬಂದಾಗ, ಆಸ್ಪತ್ರೆಯಲ್ಲೋ ದವಾಖಾನೆಯಲ್ಲೋ ಐದು ವರ್ಷ ಮದ್ದು ಬೆರೆಸಿದವರನ್ನೂ ಮೊದಲ ನೋಂದಣಿಗೆ ಸೇರಿಸಿಕೊಂಡರು, ಹಾಗೆ ಸೇರಿದವರು. ಅದಕ್ಕೂ ಮೊದಲು ಈ ಕೆಲಸಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಕಟ್ಟುಪಾಡೇ ಇರಲಿಲ್ಲ. ಆ ಸ್ಥಿತಿಯನ್ನೂ ನೋಡಲೆಂದು 1930ರಲ್ಲಿ ಔಷಧ ವಿಜ್ಞಾನಿ ರಾಮನಾಥ ಚೋಪ್ರಾ ಅವರ ಸಮಿತಿ ನೇಮಕವಾದದ್ದು. ಔಷಧ ಕಾಯ್ದೆ ಬರುವ ಹೊತ್ತಿಗೆ 1940.

ಅವರು ಹೇಳುತ್ತಿದ್ದ ಕಥೆಗಳಲ್ಲಿ ನನಗೆ ಈಗಲೂ ಮೈ ಜುಮ್ಮೆನ್ನಿಸುವುದು ಡ್ರಾಮ್ ಮತ್ತು ಔನ್ಸಿನದು. ಹಳೆಯ ಚೀಟಿಗಳಲ್ಲಿ ಎರಡಕ್ಕೂ ಹೆಚ್ಚುಕಡಿಮೆ ನಮ್ಮ ಮೂರನ್ನು ಹೋಲುವ ಒಂದೇ ಬಗೆಯ ಕೊಕ್ಕೆ. ಔನ್ಸಿಗೆ ತಲೆಯ ಮೇಲೆ ಒಂದು ಗೀಟು ಹೆಚ್ಚು, ಅಷ್ಟೇ. ಎಂಟು ಡ್ರಾಮಿಗೆ ಒಂದು ಔನ್ಸು. ಡಾಕ್ಟರ ಪೆನ್ನಿನ ಮುಳ್ಳು ಒಮ್ಮೆ ತಡವರಿಸಿದರೆ ಔಷಧ ಎಂಟು ಪಟ್ಟು! ಇನ್ನು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಅದನ್ನು ಗ್ರಾಂ ಎಂದು ಓದಿದರೆ ಹದಿನೈದು ಪಟ್ಟು. 1956ರ ಕಾಯ್ದೆ ಮೆಟ್ರಿಕ್ ಅಳತೆ ತಂದ ಮೇಲೂ ಕೈ ಹಳೆಯದನ್ನೇ ಬರೆಯುತ್ತಿತ್ತಂತೆ. ಅದಕ್ಕೇ ಅವರು ಅನುಮಾನ ಬಂದ ಚೀಟಿಯನ್ನು ಹಿಡಿದು ಡಾಕ್ಟರ ಕೋಣೆಗೇ ಹೋಗಿಬಿಡುತ್ತಿದ್ದರು. ಬೈಸಿಕೊಂಡು ಬರುವುದೂ ಸಂಬಳದೊಳಗೇ ಸೇರಿದೆ ಎನ್ನುತ್ತಿದ್ದರು.

ನನ್ನ ಕಾಲಕ್ಕೆ ಮಿಕ್ಚರ್ ಕಡಿಮೆಯಾಗಿ ಮಾತ್ರೆಗಳದ್ದೇ ಕಾರುಬಾರು. ಆಡಳಿತವೆಲ್ಲ ಇಂಡೆಂಟ್ ಪುಸ್ತಕದ್ದು. ವಾರ್ಡಿನ ಸಿಸ್ಟರು ಕಾರ್ಬನ್ ಇಟ್ಟು ಬರೆದು ಕಳಿಸಬೇಕು: ಔಷಧದ ಹೆಸರು, ಶಕ್ತಿ, ಕೇಳಿದ್ದೆಷ್ಟು, ಕೊಟ್ಟದ್ದೆಷ್ಟು, ಬ್ಯಾಚ್, ಕೊಟ್ಟವರ ಸಹಿ, ಪಡೆದವರ ಸಹಿ. ಸೇರಿದ ಹೊಸತರಲ್ಲಿ ಇದೆಲ್ಲ ಸರ್ಕಾರಿ ಗುಮಾಸ್ತಗಿರಿ ಅನ್ನಿಸುತ್ತಿತ್ತು. ಆಮೇಲಾಮೇಲೆ ತಿಳಿಯಿತು, ಒಂದೊಂದು ಖಾನೆಯೂ ಯಾರೋ ಎಲ್ಲೋ ಎಡವಿದ ಕಲ್ಲು. ಕೇಳಿದ್ದಕ್ಕೂ ಕೊಟ್ಟದ್ದಕ್ಕೂ ಬೇರೆ ಬೇರೆ ಖಾನೆ ಇಲ್ಲದಿದ್ದರೆ, ಹತ್ತು ಕೇಳಿ ಆರು ಬಂದ ವಾರ್ಡಿನಲ್ಲಿ ಉಳಿದ ನಾಲ್ಕರ ಜಗಳ ರಾತ್ರಿ ಪಾಳಿಯವರ ತಲೆಗೆ ಬೀಳುತ್ತದೆ.

ಮಾರ್ಫಿನ್ ಇಡುವ ಬೀಗದ ಬೀರುವಿಗೆ ನರ್ಸುಗಳು ಇವತ್ತಿಗೂ 'ಡಿಡಿಎ ಬೀರು' ಎನ್ನುತ್ತಾರೆ. ಆ ಅಕ್ಷರಗಳು 1930ರ ಡೇಂಜರಸ್ ಡ್ರಗ್ಸ್ ಆ್ಯಕ್ಟಿನವು. ಕಾಯ್ದೆಯೇ 1985ರಲ್ಲಿ ರದ್ದಾಗಿ ಮಾದಕ ವಸ್ತುಗಳ ಹೊಸ ಕಾಯ್ದೆ ಎನ್‌ಡಿಪಿಎಸ್ ಬಂತು. ಬೀರುವಿನ ಹೆಸರು ಮಾತ್ರ ಸಾಯಲಿಲ್ಲ. ಆ ಬೀರುವಿನ ರಿಜಿಸ್ಟರನ್ನು ನಾವು ಕಂಪ್ಯೂಟರ್ ಬಂದ ಮೇಲೂ ಕೈಯಲ್ಲೇ ಬರೆದೆವು.

ಸರ್ಕಾರಿ ಕೆಲಸದಿಂದ ನಿವೃತ್ತನಾಗಿ ಖಾಸಗಿ ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ಕೆಲವು ವರ್ಷ ಇದ್ದೆ. ಎಲ್ಲವೂ ತೆರೆಯ ಮೇಲೆ. ಒಂದು ಸೋಮವಾರ, ಓಪಿ ತುಂಬಿ ತುಳುಕುವ ಹೊತ್ತಿಗೆ, ತೆರೆ ನಿಂತಲ್ಲೇ ನಿಂತಿತು. "ಸಾರ್, ಸರ್ವರ್ ಇಲ್ಲ, ಬಿಲ್ ಹೇಗೆ ಮಾಡೋದು?" ಹುಡುಗರ ಮೊದಲ ಚಿಂತೆ ಬಿಲ್ಲಿನದು. ನನ್ನ ಚಿಂತೆ ಬೇರೆ. ಯಾವ ರೋಗಿಗೆ ಪೆನಿಸಿಲಿನ್ ಒಗ್ಗದು, ಬೆಳಗಿನ ಡೋಸ್ ಹೋಗಿದೆಯೋ ಇಲ್ಲವೋ, ಎಲ್ಲ ಆ ಪೆಟ್ಟಿಗೆಯೊಳಗೆ ಕೂತಿತ್ತು.

ವಾರ್ಡುಗಳಿಂದ ಬಿಳಿ ಹಾಳೆಯ ಚೂರುಗಳು ಬರತೊಡಗಿದವು. ಒಂದರಲ್ಲಿ 'ಇನ್ಸುಲಿನ್ 1 ವಯಲ್' ಎಂದಷ್ಟೇ ಇತ್ತು. ನಮ್ಮ ಕಪಾಟಿನಲ್ಲಿ ಮಿಲಿಗೆ 40 ಯೂನಿಟ್ಟಿನ ವಯಲ್ಲೂ ಇತ್ತು, 100ರದ್ದೂ ಇತ್ತು. ಹುಡುಗ ಕೈಗೆ ಸಿಕ್ಕ 100ರ ವಯಲ್ ಎತ್ತಿದ್ದ. ಆ ವಾರ್ಡಿನಲ್ಲಿದ್ದದ್ದು ಕೆಂಪು ಮುಚ್ಚಳದ 40ರ ಸಿರಿಂಜು. ಅದರಲ್ಲಿ ಹತ್ತರ ಗೆರೆಯವರೆಗೆ ಎಳೆದರೆ ಒಳಹೋಗುವುದು ಇಪ್ಪತ್ತೈದು ಯೂನಿಟ್. ಪುಣ್ಯಕ್ಕೆ, ಪಡೆದವರ ಸಹಿ ಹಾಕಿಸಿಕೊಳ್ಳಲು ನಾನು ಆಯಾಳನ್ನು ತಡೆದು ನಿಲ್ಲಿಸಿದ್ದೆ. ಸಹಿ ಹಾಕುವಷ್ಟರಲ್ಲಿ ವಯಲ್ ಕಣ್ಣಿಗೆ ಬಿತ್ತು. ಕಂಪ್ಯೂಟರಿನಲ್ಲಿ ಶಕ್ತಿಯನ್ನು ಆರಿಸದೆ ಮುಂದಕ್ಕೇ ಹೋಗಲಾಗುವುದಿಲ್ಲ. ಬಿಳಿ ಹಾಳೆ ಯಾರನ್ನೂ ಏನನ್ನೂ ಕೇಳುವುದಿಲ್ಲವಲ್ಲ.

ದೆಹಲಿಯ ಏಮ್ಸ್‌ನಲ್ಲಿ 2022ರ ನವೆಂಬರ್ 23ರಂದು ಸೈಬರ್ ದಾಳಿಗೆ ಸರ್ವರ್‌ಗಳು ಸಿಕ್ಕಿದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಚೂರು ಹಾಳೆ. ಐದು ಸರ್ವರ್, ಸುಮಾರು 1.3 ಟೆರಾಬೈಟ್ ಮಾಹಿತಿ ಬೀಗ ಬಿದ್ದು ಕೂತಿತು ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಹೊರರೋಗಿ, ಒಳರೋಗಿ, ಲ್ಯಾಬು ಎಲ್ಲವನ್ನೂ ದಿನಗಟ್ಟಲೆ ಕೈಬರಹದಲ್ಲೇ ನಡೆಸಿದರು. ನಮ್ಮದು ಆರು ಗಂಟೆಯದು. ಅಷ್ಟಕ್ಕೇ ನನ್ನ ಬೆವರು ಇಳಿದಿತ್ತು.

ಆ ಸೋಮವಾರ ನಮ್ಮ ಸರ್ವರ್ ಮರಳಿತು ಎಂದು ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ಶುರುವಾಯಿತು ನಿಜವಾದ ಪೀಕಲಾಟ. ನಾವು ಕೈಯಲ್ಲಿ ಕೊಟ್ಟದ್ದು ತೆರೆಗೆ ಗೊತ್ತಿಲ್ಲ. ಅದರ ಲೆಕ್ಕದಲ್ಲಿ ಮಧ್ಯಾಹ್ನದ ಆ್ಯಂಟಿಬಯೋಟಿಕ್ ಇನ್ನೂ ಬಾಕಿ. ಪಾಳಿ ಬದಲಾಗಿ ಬಂದ ನರ್ಸು ಅದನ್ನು ನಂಬಿ ಇನ್ನೊಮ್ಮೆ ಕೊಟ್ಟರೆ? ಹೊಸ ಇಂಡೆಂಟ್ ಅರ್ಧ ಗಂಟೆ ನಿಲ್ಲಿಸಿ, ತುರ್ತಿನದನ್ನು ಮಾತ್ರ ಬಿಟ್ಟು, ಒಬ್ಬ ಹಾಳೆ ಓದುವುದು, ಇನ್ನೊಬ್ಬ ಒತ್ತುವುದು, ವೇಳೆ ಹಾಕುವುದು, ಒತ್ತಿದ ಹಾಳೆಗೆ ಕೆಂಪು ಗೀಟು ಎಳೆಯುವುದು. ಹಳೆಯ ಕಾಂಪೌಂಡರು ಲೆಡ್ಜರ್ ತಾಳೆ ನೋಡುತ್ತಿದ್ದ ಅದೇ ಜೋಡಿ ಪದ್ಧತಿ. ರಾತ್ರಿ ಹನ್ನೊಂದಕ್ಕೆ ಎಲ್ಲ ಸರಿಹೋಗಿ, ಪ್ಯಾಂಟೊಪ್ರಜೋಲ್ ಇಂಜೆಕ್ಷನ್ ಮಾತ್ರ ಎರಡು ಕಡಿಮೆ ಬಂತು. ಸಿಗಲೇ ಇಲ್ಲ. 'ಎರಡು ಕಡಿಮೆ' ಎಂದೇ ಬರೆದು ಸಹಿ ಹಾಕಿದೆ.

ಇನ್ನೊಮ್ಮೆ ಸರ್ವರ್ ನಿಂತರೆ ಇರಲಿ ಎಂದು ಮರುದಿನ ಒಂದು ತಗಡಿನ ಪೆಟ್ಟಿಗೆ ಮಾಡಿಸಿದೆ. ಖಾನೆ ಹಾಕಿದ ಇಂಡೆಂಟ್ ಪುಸ್ತಕಗಳು, ಶಕ್ತಿಸಮೇತ ಔಷಧಗಳ ಅಚ್ಚುಪಟ್ಟಿ, ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್‌ಗೆ ಇಬ್ಬರ ಸಹಿ ಬೇಕೆಂಬ ಕೆಂಪು ಹಾಳೆ, ಟಾರ್ಚು. ಕಾರ್ಬನ್ ತರಲು ಹುಡುಗನನ್ನು ಕಳಿಸಿದರೆ ಎರಡು ಅಂಗಡಿ ಸುತ್ತಿ ಬರಿಗೈಲಿ ಬಂದ. ಮೂರನೆಯದಕ್ಕೆ ನಾನೇ ಹೋದೆ. ಅಂಗಡಿಯವರು ಏಣಿ ಹತ್ತಿ, ಮೇಲಿನ ಖಾನೆಯಿಂದ ಒಂದು ಕಟ್ಟು ತೆಗೆದು, ಧೂಳು ಊದಿ ಕೇಳಿದರು: "ನೀಲಿ ಬೇಕಾ ಸಾರ್, ಕಪ್ಪು ಬೇಕಾ?"