ವಿಮಾನದ ಬಿಳಿ ಗೆರೆ ಬಿಸಿಲು ತಡೆಯುವ ರಾಸಾಯನಿಕವೇ? ನಿಜ ಏನು?

ಹೇಳಿಕೆ: ‘ಬಿಸಿಲು ತಡೆಯಲು ವಿಮಾನಗಳಿಂದ ಗುಟ್ಟಾಗಿ ರಾಸಾಯನಿಕ ಸಿಂಪಡಿಸುತ್ತಿದ್ದಾರೆ. ಆಕಾಶದ ಬಿಳಿ ಗೆರೆಗಳೇ ಸಾಕ್ಷಿ. ಅದಕ್ಕೇ ಮಳೆ ಕೈಕೊಡುತ್ತಿದೆ’ ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ.

ವಾಸ್ತವ: ಈ ಹೇಳಿಕೆ ತಪ್ಪು. ಆದರೆ ಬಿಸಿಲನ್ನು ತಡೆಯುವ ಯೋಚನೆ ಮಾತ್ರ ಕಟ್ಟುಕಥೆಯಲ್ಲ.

ಬಿಳಿ ಗೆರೆ ಎಂದರೇನು?
ಪ್ರಯಾಣಿಕರ ವಿಮಾನಗಳು 10–12 ಕಿ.ಮೀ. ಎತ್ತರದಲ್ಲಿ ಹಾರುತ್ತವೆ. ಅಲ್ಲಿ ಕೊರೆಯುವ ಚಳಿ. ಎಂಜಿನ್ ಹೊಗೆಯಲ್ಲಿರುವ ನೀರಾವಿ ಹೆಪ್ಪುಗಟ್ಟಿ ಮಂಜಿನ ಹರಳುಗಳಾಗುತ್ತದೆ. ನಮಗೆ ಗೆರೆಯಂತೆ ಕಾಣುವುದು ಅದೇ.

ಹಾಗಾದರೆ ಬಿಸಿಲು ತಡೆಯುವ ಯೋಚನೆ ಎಲ್ಲಿಂದ ಬಂತು?
1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿಯಿತು. ಸುಮಾರು 1.5ರಿಂದ 2 ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ವಾತಾವರಣದ ಮೇಲಿನ ಪದರ ಸೇರಿತು. ಅದರಿಂದ ಉಂಟಾದ ಸಣ್ಣ ಹನಿಗಳು ಬಿಸಿಲಿನ ಒಂದು ಪಾಲನ್ನು ವಾಪಸ್ ಕಳಿಸಿದವು. ಮುಂದಿನ ವರ್ಷ ಭೂಮಿಯ ಸರಾಸರಿ ಉಷ್ಣಾಂಶ ಸುಮಾರು 0.5 ಡಿಗ್ರಿ ಇಳಿಯಿತು. ಇದನ್ನೇ ನಾವು ಬೇಕೆಂದೇ ಮಾಡಿದರೆ ಹೇಗೆ ಎಂಬುದು ಕೆಲವು ವಿಜ್ಞಾನಿಗಳ ಪ್ರಶ್ನೆ. ಇದಕ್ಕೆ ಕಣಗಳನ್ನು ಸುಮಾರು 20 ಕಿ.ಮೀ. ಎತ್ತರಕ್ಕೆ ಒಯ್ಯಬೇಕು. ಮಾಮೂಲಿ ವಿಮಾನಗಳು ಅಷ್ಟು ಮೇಲೆ ಹೋಗುವುದಿಲ್ಲ.

ಯಾರಾದರೂ ಪ್ರಯತ್ನಿಸಿದ್ದಾರೆಯೇ?
ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಸ್ವೀಡನ್‌ನಲ್ಲಿ ಬಲೂನ್ ಹಾರಿಸಲು ಹೊರಟಿತ್ತು. ಅಲ್ಲಿನ ಮೂಲನಿವಾಸಿ ಸಾಮಿ ಜನ ವಿರೋಧಿಸಿದರು. 2024ರಲ್ಲಿ ಯೋಜನೆಯನ್ನೇ ಕೈಬಿಡಲಾಯಿತು. ಅಮೆರಿಕದ ಒಂದು ಸ್ಟಾರ್ಟಪ್ 2022ರಲ್ಲಿ ಮೆಕ್ಸಿಕೊದಿಂದ ಗಂಧಕ ತುಂಬಿದ ಬಲೂನ್ ಹಾರಿಸಿತು. ಮರುವರ್ಷ ಮೆಕ್ಸಿಕೊ ಸರ್ಕಾರ ಇಂಥ ಪ್ರಯೋಗಗಳನ್ನು ನಿಷೇಧಿಸುವುದಾಗಿ ಘೋಷಿಸಿತು. ಇವೆಲ್ಲ ತೀರಾ ಸಣ್ಣ ಪ್ರಮಾಣದವು. ಮಳೆ ಬದಲಿಸುವಷ್ಟು ದೊಡ್ಡವಲ್ಲ.

ನಮ್ಮಲ್ಲಿ ಮಾಡಿದ ಮೋಡ ಬಿತ್ತನೆ?
2017ರಲ್ಲಿ ಕರ್ನಾಟಕ ಸರ್ಕಾರ ನಡೆಸಿದ ‘ವರ್ಷಧಾರಿ’ ಬೇರೆಯದೇ ಕೆಲಸ. ಇರುವ ಮೋಡದಿಂದ ಮಳೆ ಸುರಿಸುವುದು ಅದರ ಗುರಿಯಾಗಿತ್ತು, ಬಿಸಿಲು ತಡೆಯುವುದಲ್ಲ. ಅದನ್ನು ಗುಟ್ಟಾಗಿಯೂ ಮಾಡಲಿಲ್ಲ.

ಅಪಾಯ ಏನು?
ಉತ್ತರ ಗೋಳಾರ್ಧದಲ್ಲಿ ಮಾತ್ರ ಕಣ ಹರಡಿದರೆ ಮಳೆಯ ಪಟ್ಟಿ ದಕ್ಷಿಣಕ್ಕೆ ಸರಿಯಬಹುದು ಎನ್ನುತ್ತವೆ ಕಂಪ್ಯೂಟರ್ ಲೆಕ್ಕಾಚಾರಗಳು. ಮುಂಗಾರನ್ನೇ ನಂಬಿದ ರೈತರಿಗೆ ಇದು ಸಣ್ಣ ಮಾತಲ್ಲ. ಕಣಗಳು ಒಂದೆರಡು ವರ್ಷದಲ್ಲಿ ಕೆಳಗಿಳಿಯುತ್ತವೆ, ಹಾಗಾಗಿ ಮತ್ತೆ ಮತ್ತೆ ಹರಡುತ್ತಲೇ ಇರಬೇಕು. ನಡುವೆ ನಿಲ್ಲಿಸಿದರೆ ಅಷ್ಟು ದಿನ ತಡೆದಿಟ್ಟ ಬಿಸಿ ಕೆಲವೇ ವರ್ಷಗಳಲ್ಲಿ ಒಟ್ಟಿಗೆ ಏರುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಇದರಿಂದ ಕರಗುವುದಿಲ್ಲ. ಜ್ವರಕ್ಕೆ ಒದ್ದೆಬಟ್ಟೆ ಹಾಕಿದಂತೆ: ಮೈ ತಣಿಯುತ್ತದೆ, ಕಾಯಿಲೆ ಉಳಿಯುತ್ತದೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಮುಂದೆ ಯಾವುದೋ ದೇಶ ಇದನ್ನು ಮಾಡಲು ಹೊರಟರೆ, ನಮ್ಮ ಮಳೆಯ ಬಗ್ಗೆ ನಿರ್ಧರಿಸುವವರು ಯಾರು? ಸುಳ್ಳು ಗೆರೆಗಳ ಗಲಾಟೆಯಲ್ಲಿ ಈ ಪ್ರಶ್ನೆ ಕಳೆದುಹೋಗಬಾರದು.

ತೀರ್ಮಾನ: ವಿಮಾನದ ಗೆರೆಗಳು ಬಿಸಿಲು ತಡೆಯುವ ರಾಸಾಯನಿಕ ಎಂಬುದು ಸುಳ್ಳು. ಈ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ.