ಎಫ್ ಅಕ್ಷರದ ಬೋಲ್ಟು

ಕಾಂದಿವಲಿಯ ಚಾರ್ಕೋಪ್‌ನಲ್ಲಿ ನನ್ನ ಹಳೆಯ ಗೆಳೆಯರೊಬ್ಬರ ರೋ ಹೌಸ್ ಇದೆ. ಅದರ ಮುಂದಿನ ಅಂಗೈಯಗಲ ಜಾಗದಲ್ಲಿ ಎರಡು ವರ್ಷದಿಂದ ಒಂದು ಜೀಪು ಮರದ ದಿಮ್ಮಿಗಳ ಮೇಲೆ ಕೂತಿದೆ. ಚಕ್ರ ಇಲ್ಲ, ಸೀಟಿಲ್ಲ, ಬಾನೆಟ್ ಗೋಡೆಗೆ ಒರಗಿದೆ. ಗೆಳೆಯರು ಕುಂದಾಪುರದ ಕಡೆಯವರು, ಫಿಟರ್ ಆಗಿ ನಿವೃತ್ತರಾದವರು. ನನಗಿಂತ ಏಳೆಂಟು ವರ್ಷ ದೊಡ್ಡವರಾದ್ದರಿಂದ ನಾನು ಅಣ್ಣ ಎಂದೇ ಕರೆಯುವುದು. ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದಲ್ಲಿ ಕೋಳಿಗಳ ಮನೆಯಾಗಿದ್ದ ಈ ಜೀಪನ್ನು ಭಂಗಾರ್ ಬೆಲೆಗೆ ಕೊಂಡು ಲಾರಿಯಲ್ಲಿ ತರಿಸಿದ್ದಾರೆ. ಅತ್ತಿಗೆ ಈಗಲೂ ಅದನ್ನು ಕೋಳಿಗೂಡು ಅಂತಲೇ ಕರೆಯುತ್ತಾರೆ!

ಭಾನುವಾರ ಬೆಳಗ್ಗೆ ನಾನು ಹೋಗಿ ಪಾನಾ ಹಿಡಿದುಕೊಂಡು ನಿಲ್ಲುತ್ತೇನೆ. ನನ್ನಿಂದ ಆಗುವ ಸಹಾಯ ಅಷ್ಟೇ.

ಮೊದಲ ಮಳೆಗಾಲ ತುಕ್ಕು ಕೆರೆಯುವುದರಲ್ಲೇ ಕಳೆಯಿತು. ಒಂದು ದಿನ ಅಣ್ಣ ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದ ಒಂದು ಬೋಲ್ಟನ್ನು ಒರೆಸಿ ನನ್ನ ಕೈಗಿಟ್ಟರು. "ಕಾಂಬ, ತಲೆ ಮೇಲೆ ಎಂತ ಉಂಟು ಹೇಳು" ಅಂದರು. ಕನ್ನಡಕ ಸರಿ ಮಾಡಿಕೊಂಡು ನೋಡಿದೆ. ಇಂಗ್ಲಿಷಿನ ಎಫ್ ಅಕ್ಷರ. ಎಫ್ ಅಂದರೆ ಫೋರ್ಡ್.

ಜೀಪು ಅಂದರೆ ವಿಲ್ಲಿಸ್ ಅಂತ ನಾವೆಲ್ಲ ತಿಳಿದವರು. ನಿಜ ಏನೆಂದರೆ ಮೊದಲ ಜೀಪು ವಿಲ್ಲಿಸ್‌ನದ್ದೂ ಅಲ್ಲ, ಫೋರ್ಡ್‌ನದ್ದೂ ಅಲ್ಲ. 1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆ ಸಣ್ಣ, ಹಗುರ, ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಯುವ ಗಾಡಿ ಬೇಕೆಂದು 135 ಕಂಪನಿಗಳಿಗೆ ಬರೆಯಿತು. 49 ದಿನಗಳೊಳಗೆ ಮಾದರಿ ಗಾಡಿ ತಂದು ನಿಲ್ಲಿಸಿದ್ದು ಮುಳುಗುವ ಸ್ಥಿತಿಯಲ್ಲಿದ್ದ ಅಮೆರಿಕನ್ ಬ್ಯಾಂಟಮ್ ಎಂಬ ಚಿಕ್ಕ ಕಂಪನಿ. ನಕ್ಷೆ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರನದು. ಆದರೆ ಲಕ್ಷಗಟ್ಟಲೆ ಗಾಡಿ ಮಾಡುವ ತಾಕತ್ತು ಬ್ಯಾಂಟಮ್‌ಗೆ ಇರಲಿಲ್ಲ. ದೊಡ್ಡ ಆರ್ಡರು ವಿಲ್ಲಿಸ್‌ಗೆ ಹೋಯಿತು, ಅದೂ ಸಾಲದೆ ವಿಲ್ಲಿಸ್‌ನ ನಕ್ಷೆಯನ್ನೇ ಫೋರ್ಡ್‌ಗೂ ಕೊಟ್ಟರು. ಬ್ಯಾಂಟಮ್‌ಗೆ ಉಳಿದದ್ದು ಜೀಪಿನ ಹಿಂದೆ ಕಟ್ಟುವ ಟ್ರೇಲರು ಮಾಡುವ ಕೆಲಸ. ಬಡವನ ಅಡುಗೆ, ಸಾಹುಕಾರನ ಊಟ.

ಯುದ್ಧ ಮುಗಿಯುವಷ್ಟರಲ್ಲಿ ಇಬ್ಬರೂ ಸೇರಿ ಆರು ಲಕ್ಷಕ್ಕೂ ಮೀರಿ ಜೀಪು ಮಾಡಿದರು. ಒಂದರ ಭಾಗ ಇನ್ನೊಂದಕ್ಕೆ ಕೂರಬೇಕು ಎಂಬುದು ಸೇನೆಯ ಕಟ್ಟಪ್ಪಣೆ. ಆದರೂ ಫೋರ್ಡ್ ತನ್ನ ಬೋಲ್ಟುಗಳ ಮೇಲೆ ಒಂದೊಂದು ಎಫ್ ಒತ್ತಿಯೇ ಕಳಿಸಿತು. ಬೋಲ್ಟು ಯಾರೂ ಎಲ್ಲಿಂದಲೂ ತಂದು ಹಾಕಬಹುದಲ್ಲ ಎಂದು ನಾನು ತಕರಾರು ತೆಗೆದೆ. ಅಣ್ಣ ಬಗ್ಗಿ ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ತೋರಿಸಿದರು. ವಿಲ್ಲಿಸ್‌ನಲ್ಲಿ ಅದು ದುಂಡು ಕೊಳವೆ, ಫೋರ್ಡ್‌ನಲ್ಲಿ ಮಗುಚಿಟ್ಟ ದೋಣಿಯಂಥ ಪಟ್ಟಿ. ನಮ್ಮದು ದೋಣಿ.

ಆ ಗಾಡಿಯಲ್ಲಿ ನನಗೆ ತುಂಬ ಇಷ್ಟವಾದದ್ದು ಹೆಡ್‌ಲೈಟು. ಒಂದು ಕಿವಿ ನಟ್ಟು ಸಡಿಲಿಸಿದರೆ ದೀಪ ಹಿಂದಕ್ಕೆ ಮಗುಚಿ ಎಂಜಿನ್ ಕಡೆ ಬೆಳಕು ಬಿಡುತ್ತದೆ. ಕತ್ತಲಲ್ಲಿ ಕೈಯಲ್ಲಿ ಟಾರ್ಚ್ ಹಿಡಿಯಲು ಇನ್ನೊಬ್ಬ ಬೇಡ. (ಅಂದರೆ ನನ್ನಂಥವನ ಕೆಲಸವನ್ನು 1941ರಲ್ಲೇ ತೆಗೆದುಹಾಕಿದ್ದರು.)

ಇಂಥ ಜೀಪುಗಳು ಭಾರತಕ್ಕೆ ಬಂದದ್ದು ಬರ್ಮಾ ಯುದ್ಧಕ್ಕೆ. 1942ರ ಡಿಸೆಂಬರಿನಲ್ಲಿ ಅಸ್ಸಾಮಿನ ಲೇಡೊದಿಂದ ಅಮೆರಿಕನ್ನರು ಚೀನಾ ಕಡೆಗೆ ರಸ್ತೆ ಕಡಿಯಲು ಹೊರಟರು. ಆ ಕೆಸರಿನಲ್ಲಿ ಜೀಪು ಕುದುರೆಯ ಕೆಲಸ ಮಾಡಿತು. ಯುದ್ಧ ಮುಗಿದ ಮೇಲೆ ಡಿಸ್ಪೋಸಲ್‌ನಲ್ಲಿ ಮಾರಿದ ಗಾಡಿಗಳನ್ನು ಕೊಂಡವರು ಗುತ್ತಿಗೆದಾರರು, ಮರದ ವ್ಯಾಪಾರಿಗಳು, ತೋಟದ ಧಣಿಗಳು. ಮಲೆನಾಡಿನ ಕೆಸರೇನು ಬರ್ಮಾಕ್ಕೆ ಕಡಿಮೆಯೇ?

ಸರ್ಕಾರಕ್ಕೂ ಜೀಪಿನ ಹಸಿವಿತ್ತು. 1948ರಲ್ಲಿ ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಸೇನೆಗಾಗಿ ಸುಮಾರು 80 ಲಕ್ಷ ರೂಪಾಯಿಯ ಜೀಪು ಒಪ್ಪಂದ ಮಾಡಿಕೊಂಡರು. ನಿಯಮ ಮೀರಿದ ಆ ವ್ಯವಹಾರದಲ್ಲಿ ಕೈಗೆ ಬಂದದ್ದು 155 ಗಾಡಿ. ಸ್ವತಂತ್ರ ಭಾರತದ ಮೊದಲ ಹಗರಣ ಅಂತ ಇವತ್ತಿಗೂ ಹೇಳುವುದು ಅದನ್ನೇ. 1955ರಲ್ಲಿ ಫೈಲು ಮುಚ್ಚಿದರು.

ಆ ಹೊತ್ತಿಗೆ ಮಹೀಂದ್ರದವರು ಮುಂಬಯಿಯ ಮಝಗಾಂವ್‌ನಲ್ಲಿ ಬಿಡಿಭಾಗ ತರಿಸಿ ವಿಲ್ಲಿಸ್ ಜೋಡಿಸತೊಡಗಿದ್ದರು. 1963ರಲ್ಲಿ ಅವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಜೊತೆ ಸೇರಿ ಟ್ರ್ಯಾಕ್ಟರ್ ಕಂಪನಿ ಕಟ್ಟಿದರು. ಅದರ ಕಾರ್ಖಾನೆ ನಮ್ಮ ಕಾಂದಿವಲಿಯಲ್ಲಿ. 1973ರ ನಂತರ ಪೆಟ್ರೋಲ್ ಬೆಲೆ ಏರಿದಾಗ ಆ ಟ್ರ್ಯಾಕ್ಟರ್ ವಂಶದ ಡೀಸೆಲ್ ಎಂಜಿನ್ನೇ ಜೀಪಿನ ಹೊಟ್ಟೆ ಸೇರಿತು. ಹಳೆಯ ಮಿಲಿಟರಿ ಜೀಪು ಇಟ್ಟುಕೊಂಡವರೂ 60 ಅಶ್ವಶಕ್ತಿಯ ಮೂಲ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿಕೊಂಡರು. ಇಲ್ಲದಿದ್ದರೆ ಅವು ಎಂದೋ ಗುಜರಿಗೆ ಹೋಗುತ್ತಿದ್ದವು.

ಅಣ್ಣನ ಜೀಪಿನಲ್ಲಿ ಇದ್ದದ್ದೂ ಅದೇ ಡೀಸೆಲ್. ತಕರಾರು ಶುರುವಾದದ್ದು ಇಲ್ಲಿಂದ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಗಾಡಿ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ ವಿ.ಎ. ಎಂಬ ಅಕ್ಷರ. ಜೊತೆಗೊಂದು ಷರತ್ತು: ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು, ದೊಡ್ಡ ಮಾರ್ಪಾಡು ಆಗಿರಬಾರದು. ಅಣ್ಣನ ಮಗ ಇದನ್ನು ಓದಿದ್ದೇ ತಡ, ಡೀಸೆಲ್ ಕಿತ್ತು ಹಾಕೋಣ, ಪೆಟ್ರೋಲ್ ಎಂಜಿನ್ ಹುಡುಕೋಣ, ಬಾನೆಟ್ ಮೇಲೆ ಬಿಳಿ ನಕ್ಷತ್ರ ಬರೆಸೋಣ ಎಂದು ಹಟ ಹಿಡಿದ. ಅವನ ಮಾತಿನಲ್ಲೂ ನ್ಯಾಯವಿದೆ. ನಂಬರಿಲ್ಲದ ಗಾಡಿ ಅಂಗಳ ದಾಟುವಂತಿಲ್ಲ. ಅಪ್ಪನಿಗೆ ವಯಸ್ಸಾಗಿದೆ, ಒಮ್ಮೆ ಓಡಿಸಿ ನೋಡಲಿ ಎಂಬ ಆಸೆ ಅವನಿಗೆ. ಕುರ್ಲಾದ ಭಂಗಾರ್ ಅಂಗಡಿ, ಚೋರ್ ಬಜಾರು ಎಲ್ಲ ತಿರುಗಿ ಬಂದ.

ಅಣ್ಣ ಒಪ್ಪಲಿಲ್ಲ. "ನಾಲ್ಕು ವರ್ಷ ಯುದ್ಧ ಕಂಡಿತ್ತು ಅಂತ ಇಟ್ಕೋ. ತೋಟದಲ್ಲಿ ಐವತ್ತು ವರ್ಷ ದುಡಿದದ್ದು ಲೆಕ್ಕಕ್ಕಿಲ್ವಾ ಮಾರಾಯ? ಹೆರಿಗೆಗೆ ಎಷ್ಟು ಹೆಂಗಸರನ್ನ ಹೊತ್ತಿದ್ಯೋ" ಅಂದರು. ಮಗ ಮಾತಾಡದೆ ಒಳಗೆ ಹೋದ. ನಾನು ಯಾರ ಪಕ್ಷ? ಬಣ್ಣ ಕೆರೆಯುವಾಗ ಮೇಲೆ ಕಂದು, ಅದರಡಿ ನೀಲಿ, ಅದರಡಿ ಬೂದು, ಎಲ್ಲಕ್ಕೂ ಕೆಳಗೆ ಸೇನೆಯ ಹಸಿರು ಕಂಡಿತ್ತು. ಬರೀ ತಳದ ಹಸಿರೊಂದೇ ಅಸಲಿ ಎನ್ನಲು ನನಗೂ ನಾಲಗೆ ಬರಲಿಲ್ಲ. ಆದರೆ ಆ ಹುಡುಗನ ಮುಖ ನೋಡಿ ಸುಮ್ಮನಿದ್ದೆ.

ಕಳೆದ ತಿಂಗಳು ಹೋದಾಗ ಡೀಸೆಲ್ ಎಂಜಿನ್ ಬಿಚ್ಚಿ, ತೊಳೆದು, ಹೊಸ ರಿಂಗು ಹಾಕಿ ಮತ್ತೆ ಕೂರಿಸಿದ್ದರು. ಮಗನೇ ಚೈನ್ ಪುಲ್ಲಿ ಹಿಡಿದನಂತೆ. ಎಡ ಬಾಗಿಲ ಪಕ್ಕ ಅಂಗೈಯಷ್ಟು ಜಾಗದಲ್ಲಿ ನಾಲ್ಕೂ ಬಣ್ಣ ಕಾಣುವಂತೆ ಬಿಟ್ಟು ಉಳಿದದ್ದಕ್ಕೆ ಪ್ರೈಮರ್ ಹೊಡೆದಿದ್ದಾರೆ. ಎಫ್ ಬೋಲ್ಟುಗಳು ಈವರೆಗೆ ಹದಿನೇಳು ಸಿಕ್ಕಿವೆ, ಹಾರ್ಲಿಕ್ಸ್ ಬಾಟಲಿಯಲ್ಲಿ ಗ್ರೀಸು ಸವರಿ ಇಟ್ಟಿದ್ದಾರೆ. ಬರುವ ಭಾನುವಾರ ಅವನ್ನು ಜಾಗಕ್ಕೆ ಹಾಕುವ ಕೆಲಸ. ಪಾನಾ ಹಿಡಿಯಲು ಬಾ ಅಂದಿದ್ದಾರೆ.